ಹಿತ್ತಲ ಗೋಣಿಸೊಪ್ಪು

ಸವಣೂರಿನ ಹೆಸರೆತ್ತಿದೊಡನೆ ಹೊರಗಿನವರಿಗೆ ನೆನಪಾಗುವುದು ಇಲ್ಲಿಯ ವೀಳ್ಯದೆಲೆ, ಇಲ್ಲಿಯ ಖಾರ ಹಾಗೂ ದೊಡ್ಡಹುಣಸೇ ಕಲ್ಮಠದ ಆವರಣದಲ್ಲಿರುವ ಮೂರು ಮಹಾವೃಕ್ಷಗಳು. ಆಫ್ರಿಕಾ ಮೂಲದ ಆ ಮರಗಳನ್ನು ಕಾಣಲು ದೂರದ ಊರುಗಳಿಂದ ಜನ ಬರುತ್ತಾರೆ. 2023ರ ಜುಲೈ ತಿಂಗಳಿನ ಮಳೆಗೆ ಅವುಗಳಲ್ಲೊಂದು ಉರುಳಿದಾಗ ಊರೆಲ್ಲ ಮರುಗಿತು. ಯಂತ್ರಗಳ ನೆರವಿನಿಂದ ಅದನ್ನೆತ್ತಿ ಮತ್ತೆ ನೆಡಲಾಯಿತು. ದೊಡ್ಡದರ ಕಡೆಗೆ ನಮ್ಮ ದೃಷ್ಟಿ ಹರಿಯುವುದು ಸಹಜವೇ. ಆದರೆ ಅದೇ ಮಣ್ಣಿನಲ್ಲಿ ನೆಲಕ್ಕಂಟಿಕೊಂಡು ಬೆಳೆಯುತ್ತಿದ್ದ ಒಂದು ಪುಟ್ಟ ಸಸ್ಯವು ನಮ್ಮ ಹೊಲಗಳಿಂದ ಸದ್ದಿಲ್ಲದೆ ಸರಿದುಹೋಗುತ್ತಿರುವುದನ್ನು ಗಮನಿಸಿದವರು ವಿರಳ. ಅದು ಗೋಣಿಸೊಪ್ಪು. ಕೆಲವರು ಅದನ್ನು ಗೋಳಿಪಲ್ಯವೆಂದೂ ಕರೆಯುವುದುಂಟು.

ಇದರ ದಂಟು ನುಣುಪು, ತುಸು ಕೆಂಪು, ರಸಭರಿತ. ಎಲೆ ದಪ್ಪ, ತುದಿ ದುಂಡು. ಬಿಸಿಲೇರಿದಾಗ ಅರಳುವ ಹಳದಿ ಹೂ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತದೆ. ಕಾಯಿ ಬಲಿತಾಗ ಕುಂಕುಮದ ಭರಣಿಯ ಮುಚ್ಚಳ ತೆಗೆದಂತೆ ಅದರ ಮೇಲರ್ಧ ಕಳಚಿ, ಒಳಗಿನ ಕಪ್ಪು ಬೀಜಗಳು ಚೆಲ್ಲುತ್ತವೆ. ಒಂದೇ ಗಿಡ ಸಾವಿರಾರು ಬೀಜಗಳನ್ನು ಕೊಡಬಲ್ಲುದು. ಅವು ಮಣ್ಣಿನಲ್ಲಿ ಹಲವು ವರ್ಷ ಜೀವ ಹಿಡಿದಿರುತ್ತವೆ. ಕಿತ್ತೆಸೆದ ದಂಟು ಸಹ ತನ್ನಲ್ಲಿಯ ನೀರಿನ ಬಲದಿಂದಲೇ ಮತ್ತೆ ಬೇರು ಬಿಡುತ್ತದೆ. ಆದುದರಿಂದಲೇ ಒಕ್ಕಲಿಗನಿಗೆ ಅದು ಹಠಮಾರಿ ಕಳೆ.

ಆದರೆ ಕಳೆ ತೆಗೆಯುವವರಿಗೆ ಅದು ಅನ್ನವಾಗಿತ್ತು. ನಮ್ಮವ್ವ ಪರರ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಿದ್ದಳು. ಮುಂಗಾರಿನ ದಿನಗಳಲ್ಲಿ ಹತ್ತು ಹನ್ನೆರಡು ಜನ ಹೆಂಗಸರು ಸಾಲು ಹಿಡಿದು ಕುಳಿತು, ಕುರ್ಚಿಗಿಯಿಂದ ಕಳೆ ಬಿಡಿಸುತ್ತ ಸಾಗುತ್ತಿದ್ದರು. ಬದುವಿಗೆ ಎಸೆಯಬೇಕಾದ ಆ ಕಸದಲ್ಲಿ ಗೋಣಿಸೊಪ್ಪು, ರಾಜಗಿರಿ, ಕಿರಕಸಾಲಿಗಳನ್ನು ಬೇರೆ ಮಾಡಿ ಉಡಿಗೆ ಹಾಕಿಕೊಳ್ಳುತ್ತಿದ್ದರು. ಹೊಲದ ಒಡೆಯರು ಅದನ್ನು ತಡೆದುದನ್ನು ನಾನು ಕಂಡಿಲ್ಲ. ಕೂಲಿ ಸಂತೆಯ ದಿನ ಕೈ ಸೇರುತ್ತಿತ್ತು. ಉಡಿಯ ಸೊಪ್ಪು ಅಂದೇ ಒಲೆ ಸೇರುತ್ತಿತ್ತು. ಹೊಲಕ್ಕೆ ಬರಲಾರದ ಓಣಿಯ ಮುದುಕಿಗೂ ಅದರಲ್ಲಿ ಒಂದು ಹಿಡಿ ಸಲ್ಲುತ್ತಿತ್ತು.

ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನಾಯ್ದು ದಾಸೋಹ ನಡೆಸಿದ ಮಾರಯ್ಯನ ಕಥೆಯನ್ನು ಈ ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು. ಉಳಿದುದನ್ನು ಆಯುವುದರಲ್ಲಿ ಹೀನಾಯವಿಲ್ಲ, ಬೇಕಾದುದಕ್ಕಿಂತ ಹೆಚ್ಚು ಬಯಸುವುದರಲ್ಲಿದೆ ಎಂಬ ಆ ತಾಯಿಯ ತಿಳಿವಳಿಕೆಯನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಅವ್ವನ ಉಡಿಯಲ್ಲಿ ಕಂಡಿದ್ದೆ.

ಈಗ ನಮ್ಮ ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಎತ್ತ ನೋಡಿದರೂ ಗೋವಿನಜೋಳ. ಬಿತ್ತಿದ ಒಂದೆರಡು ದಿನಗಳಲ್ಲಿಯೇ ಅಟ್ರಾಜಿನ್‌ನಂಥ ಕಳೆನಾಶಕವನ್ನು ಸಿಂಪಡಿಸುವ ರೂಢಿ ಬಂದಿದೆ. ರೈತನನ್ನು ದೂರುವಂತಿಲ್ಲ, ಹೊತ್ತಿಗೆ ಆಳು ಸಿಗದು, ಸಿಕ್ಕರೆ ಖರ್ಚು ನೀಗದು. ಆದರೆ ಕಳೆ ತೆಗೆಯುತ್ತಿದ್ದ ಹೆಂಗಸು ಎರಡನ್ನು ಕಳೆದುಕೊಂಡಳು: ದಿನದ ಕೂಲಿಯನ್ನೂ, ಉಡಿಯ ಪಲ್ಯವನ್ನೂ. ಮೊದಲನೆಯದಕ್ಕಾದರೂ ಲೆಕ್ಕವುಂಟು, ಎರಡನೆಯದನ್ನು ಬರೆದಿಟ್ಟವರಿಲ್ಲ. ಅಮೆರಿಕದ ಥೋರೋ ತನ್ನ ಗೋವಿನಜೋಳದ ಹೊಲದಲ್ಲಿ ಬೆಳೆದ ಇದೇ ಸೊಪ್ಪನ್ನು ಉಪ್ಪು ಹಾಕಿ ಬೇಯಿಸಿ ತೃಪ್ತಿಯಿಂದ ಉಂಡುದನ್ನು 1854ರಲ್ಲಿ ಪ್ರಕಟವಾದ ‘ವಾಲ್ಡನ್’ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಇಂದಿನ ನಮ್ಮ ಗೋವಿನಜೋಳದ ಹೊಲದಲ್ಲಿ ಅಂಥ ಊಟ ದೊರೆಯುವುದು ದುರ್ಲಭ. ಔಷಧ ಬಿದ್ದ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಉಳಿದಿದ್ದರೂ ಅದನ್ನು ತಿನ್ನಲಾಗದು.

ಹೊಲದಲ್ಲಿ ಅಳಿದುದನ್ನು ಹಿತ್ತಲಲ್ಲಿ ಉಳಿಸಿಕೊಳ್ಳಬಹುದು. ಅಗಲವಾದ, ಒಂದು ಗೇಣು ಆಳದ ಯಾವ ಪಾತ್ರೆಯಾದರೂ ಸಾಕು. ತಳದಲ್ಲಿ ನೀರು ಬಸಿಯುವಂತಿರಬೇಕು. ಮಣ್ಣಿಗೆ ಉಸುಕು, ಸ್ವಲ್ಪ ಹಳೆಯ ಗೊಬ್ಬರ ಬೆರೆಸಬೇಕು. ನಾಲ್ಕು ಬೆರಳುದ್ದದ ದಂಟುಗಳನ್ನು ಕತ್ತರಿಸಿ, ಒಂದು ದಿನ ನೆರಳಲ್ಲಿಟ್ಟು ಊರಿದರೆ ಬೇರು ಹಿಡಿಯುತ್ತವೆ. ಬೀಜವಾದರೆ ಮೇಲೆ ಉದುರಿಸಿ ಕೈಯಿಂದ ಮೆಲ್ಲಗೆ ಒತ್ತಿದರಾಯಿತು. ಮೊಳೆಯಲು ಅದಕ್ಕೆ ಬೆಳಕು ಬೇಕಾದುದರಿಂದ ಆಳಕ್ಕೆ ಹುಗಿಯಬಾರದು. ಬಿಸಿಲು ಹೆಚ್ಚಿದ್ದಷ್ಟು ಒಳ್ಳೆಯದು, ನೀರು ಮಾತ್ರ ಮಿತವಾಗಿರಲಿ. ಐದಾರು ವಾರಗಳಲ್ಲಿ ಮೊದಲ ಕೊಯ್ಲು. ಬುಡದಲ್ಲಿ ಎರಡು ಗೆಣ್ಣು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಹೂ ಬಿಡುವ ಮೊದಲೇ ಕೊಯ್ಯುತ್ತಿದ್ದರೆ ಬೀಜ ಹಿತ್ತಲೆಲ್ಲ ಹರಡದು. ನೆಲಕ್ಕೆ ಹರಡುವ ಬೇರೊಂದು ಕಳೆ ನೋಡಲು ಹೀಗೆಯೇ ಇರುತ್ತದೆ. ಅದರ ದಂಟು ಮುರಿದರೆ ಹಾಲು ಒಸರುತ್ತದೆ, ಅದು ತಿನ್ನತಕ್ಕದ್ದಲ್ಲ. ಗೋಣಿಸೊಪ್ಪಿನಲ್ಲಿ ಹಾಲಿಲ್ಲ, ತಿಳಿನೀರು ಮಾತ್ರ.

ಬರದಲ್ಲಿಯೂ ಬಾಡದ ಇದರ ಗುಟ್ಟನ್ನು ವಿಜ್ಞಾನಿಗಳು ಅರಸಿದ್ದಾರೆ. ಬೆಳಕನ್ನು ಆಹಾರವಾಗಿಸುವಲ್ಲಿ ಇದು ಗೋವಿನಜೋಳದ ಕ್ರಮವನ್ನನುಸರಿಸುತ್ತದೆ. ನೀರು ಸಾಲದಾದಾಗ ಕಳ್ಳಿಯಂತೆ ರಾತ್ರಿಯಲ್ಲಿ ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿ ಹುಳಿಯಾಗಿ ಕೂಡಿಡುತ್ತದೆ. ಈ ಎರಡೂ ಕ್ರಮಗಳು ಒಂದೇ ಜೀವಕೋಶದಲ್ಲಿ ಕೂಡಿ ನಡೆಯುತ್ತವೆಂದು 2022ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ನೀರು ಕಡಿಮೆಯಾದಾಗ ಮುಂಜಾನೆ ಕೊಯ್ದ ಸೊಪ್ಪು ಹೆಚ್ಚು ಹುಳಿ, ಸಂಜೆಯದು ಸಪ್ಪೆ ಎನಿಸುವುದು ಇದರಿಂದಲೇ. ಮೀನಿನೆಣ್ಣೆಯ ವರ್ಗಕ್ಕೆ ಸೇರಿದ ಒಮೆಗಾ-3 ಕೊಬ್ಬಿನಾಮ್ಲವು ಎಲೆಸೊಪ್ಪುಗಳ ಪೈಕಿ ಇದರಲ್ಲಿ ವಿಶೇಷವಾಗಿದೆ. ಆದರೆ ಆಕ್ಸಲಿಕ್ ಆಮ್ಲವೂ ಹೆಚ್ಚಾಗಿರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗುವವರು ದೂರವಿರುವುದು ಲೇಸು. ಉಳಿದವರಿಗೂ ಹಿತಮಿತವೇ ನಿಯಮ. ಮೊಸರಿನ ಜೊತೆಗೆ ಉಣ್ಣುವುದು ಹಿತ. ಅದರಲ್ಲಿಯ ಸುಣ್ಣದಂಶ ಆ ಆಮ್ಲವನ್ನು ಹಿಡಿದಿಡುತ್ತದೆ.

ಅವ್ವ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುತ್ತಿದ್ದಳು. ಗೆಣ್ಣಿನ ಸಂದಿಯಲ್ಲಿ ಮಣ್ಣು ಉಳಿಯುತ್ತದೆ. ಒಂದು ಹಿಡಿ ಬೇಳೆ, ಅದಿಲ್ಲದಾಗ ಜೋಳದ ನುಚ್ಚು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಮೇಲೊಂದು ಒಗ್ಗರಣೆ. ಹುಳಿಗೆ ಹುಣಸೆಹಣ್ಣು ಬೇಕಿರಲಿಲ್ಲ. ಬಿಸಿ ರೊಟ್ಟಿಯೊಡನೆ ಅದು ಬಡವರ ಮೃಷ್ಟಾನ್ನ. ಶಾಲೆಗೆ ತಂದ ಬುತ್ತಿಯಲ್ಲಿಯೂ ಅದೇ ಇರುತ್ತಿತ್ತು. ಎಲೆದೋಟದವರ ಮಕ್ಕಳೂ ಕೈಯೊಡ್ಡಿ ಬೇಡಿ ತಿನ್ನುತ್ತಿದ್ದರು.

ಕೂಲಿಯವಳ ಉಡಿಯಿಂದ ಜಾರಿದ ಸೊಪ್ಪು ಹಿತ್ತಲುಳ್ಳವರ ಕುಂಡಕ್ಕೆ ಬಂದು ನಿಂತರೆ ಅರ್ಧ ಕೆಲಸವಷ್ಟೇ ಆದಂತೆ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಹಳಿದರೂ, ಹಿತ್ತಲ ಗಿಡವನ್ನು ಹಂಚಬಹುದೆಂಬುದು ಸತ್ಯ. ಒಂದು ಹಿಡಿ ದಂಟು ಕೊಟ್ಟರೆ ಮತ್ತೊಂದು ಮನೆಯ ಮಡಿ ಹಸಿರಾಗುತ್ತದೆ, ಕೊಟ್ಟವರದು ಕಡಿಮೆಯಾಗುವುದಿಲ್ಲ. ದಾಸೋಹದ ನೆರಳಿನಲ್ಲಿ ಕಲಿಯುತ್ತಿರುವ ಈ ಶಾಲೆಯ ಮಕ್ಕಳು ಕೈತೋಟದಲ್ಲಿ ಒಂದು ಮಡಿಯನ್ನು ಗೋಣಿಸೊಪ್ಪಿಗೆಂದು ಬಿಟ್ಟು, ಮಳೆಗಾಲಕ್ಕೆ ಮುನ್ನ ಅದರ ದಂಟುಗಳನ್ನು ತಂತಮ್ಮ ಓಣಿಗಳಿಗೆ ಒಯ್ಯುವಂತಾಗಲಿ. ಮೊದಲ ಹಿಡಿ ಹಿತ್ತಲಿಲ್ಲದವರ ಮನೆಗೆ, ಒಡೆದ ಕೊಡದಲ್ಲಾದರೂ ನೆಡಲೆಂದು, ಸಲ್ಲಲಿ.