ಮೆಟ್ಟೂರಿನಲ್ಲಿ ಮಧ್ಯಾಹ್ನದ ತುತ್ತು

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ನೆಲೆಸಿರುವ ಕನ್ನಡ ಮನೆತನಗಳಿಗೆ ಮೆಟ್ಟೂರು ಹೊಸ ಊರಲ್ಲ. 1925ರಲ್ಲಿ ಕೆಲಸ ಆರಂಭವಾಗಿ 1934ರಲ್ಲಿ ಮುಗಿದ ಅಣೆಕಟ್ಟನ್ನೂ, ಅಂದಿನ ಮದರಾಸಿನ ಗವರ್ನರ್ ಸ್ಟ್ಯಾನ್ಲಿಯವರ ಹೆಸರು ಹೊತ್ತ ಜಲಾಶಯವನ್ನೂ ಕುರಿತು ಬಲ್ಲವರು ಸಾಕಷ್ಟು ಬರೆದಿದ್ದಾರೆ. 120 ಅಡಿ ನೀರು ನಿಂತಾಗಿನ ಸೊಬಗನ್ನಾಗಲಿ, ನೀರಿಳಿದಾಗ ಪಣ್ಣವಾಡಿಯ ಬಳಿ ತಲೆಯೆತ್ತುವ ನಂದಿಯನ್ನಾಗಲಿ ವರ್ಣಿಸುವುದು ನಮ್ಮ ಉದ್ದೇಶವಲ್ಲ. ಕೆಲಸದ ಮೇಲೆ ಆ ಊರಿಗೆ ಹೋದವರು, ಒಂದು ಬಸ್ಸಿಳಿದು ಇನ್ನೊಂದನ್ನು ಹತ್ತುವುದರೊಳಗೆ, ನಡುಹಗಲಿನಲ್ಲಿ ಏನನ್ನು ತಿಂದು ಹಸಿವು ತೀರಿಸಿಕೊಳ್ಳಬಹುದು ಎಂಬಷ್ಟನ್ನೇ ಇಲ್ಲಿ ಪ್ರಸ್ತಾಪಿಸುತ್ತೇವೆ.

ಮೆಟ್ಟೂರಿನ ಮಧ್ಯಾಹ್ನ ಅವಸರದ ಮಧ್ಯಾಹ್ನ. ವಿದ್ಯುತ್ ಸ್ಥಾವರದಲ್ಲಿಯೂ ರಾಸಾಯನಿಕ ಕಾರ್ಖಾನೆಗಳಲ್ಲಿಯೂ ಪಾಳಿ ಮುಗಿಸಿದವರು, ತಾಲ್ಲೂಕು ಕಚೇರಿಯಲ್ಲಿ ಪಟ್ಟಾ ಕಾಗದಕ್ಕಾಗಿ ಬೆಳಗಿನಿಂದ ಕಾದ ರೈತರು, ಕೊಳತ್ತೂರು, ಗೋವಿಂದಪಾಡಿ, ಪಾಲಾರುಗಳ ಮಾರ್ಗವಾಗಿ ಮಲೆಯ ಮಾದಪ್ಪನ ಬೆಟ್ಟಕ್ಕೆ ಹೊರಟವರು, ಇವರೆಲ್ಲರೂ ಒಂದೇ ಹೊತ್ತಿಗೆ ಬಸ್ ನಿಲ್ದಾಣದ ಸುತ್ತ ನೆರೆಯುತ್ತಾರೆ. ಅಮಾವಾಸ್ಯೆಯ ದಿನ ಈ ಗುಂಪು ಇಮ್ಮಡಿಸುತ್ತದೆ. ಆಡಿ ತಿಂಗಳ ಹದಿನೆಂಟರಂದಂತೂ ಕಾವೇರಿ ಸ್ನಾನಕ್ಕೆ ಬಂದವರ ನಡುವೆ ಕಾಲಿಡಲು ಸ್ಥಳವಿರುವುದಿಲ್ಲ; ಅಂದು ಊಟದ ಮಾತು ಬೇಡ.

ಉಪಾಹಾರ ಗೃಹಗಳಲ್ಲಿ ಎಲೆ ಹಾಕಿ ಬಡಿಸುವ ಊಟಕ್ಕೆ ಕೊರತೆಯಿಲ್ಲ. ಆದರೆ ಒಂದು ಗಂಟೆಗೆ ಒಳಹೊಕ್ಕವರು ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು ಸರದಿ ಕಾಯಬೇಕು. ನಿಂತವರ ದೃಷ್ಟಿ ಬೆನ್ನಿಗೆ ತಾಗುತ್ತಿರಲು ಕುಳಿತವರಿಗೆ ಅನ್ನ ಇಳಿಯುವುದಾದರೂ ಹೇಗೆ? ‘ಅಳವು ಸಾಪ್ಪಾಡು’ ಎಂದು ಕೇಳಿದರೆ ಅಳತೆಯ ಊಟ ಬೇಗ ದೊರೆಯುವುದುಂಟು. ‘ಊಟ’ ಎಂದರೂ ಅರ್ಥಮಾಡಿಕೊಳ್ಳುವ ಪರಿಚಾರಕರು ಅಲ್ಲಿದ್ದಾರೆ. ಮಾದಪ್ಪನ ಯಾತ್ರಿಕರು ಕಲಿಸಿದ ಕನ್ನಡವದು.

ಇದಕ್ಕಿಂತ ಸುಲಭವಾದುದು ಪೊಟ್ಟಣದ ಅನ್ನ. ಬಾಳೆಯೆಲೆಯ ತುಂಡಿನಲ್ಲಿ ಹುಳಿಯನ್ನ, ನಿಂಬೆಯನ್ನ, ಮೊಸರನ್ನಗಳನ್ನು ಸುತ್ತಿ, ಮೇಲೊಂದು ಕಾಗದ ಹೊದಿಸಿ, ದಾರ ಬಿಗಿದು ಮಾರುತ್ತಾರೆ. ಇದನ್ನು ಕೊಳ್ಳುವವರು ಕಿಂಚಿತ್ ವಿವೇಚನೆ ವಹಿಸಬೇಕು. ಸಾಂಬಾರು ಅನ್ನ ಬಿಸಿಲಿಗೆ ಬೇಗ ಹಳಸುತ್ತದೆ. ಹುಣಿಸೆಯ ಹುಳಿಯೂ ಎಣ್ಣೆಯೂ ಸೇರಿದ ಹುಳಿಯನ್ನ ಬಹಳ ಹೊತ್ತು ತಾಳುತ್ತದೆ. ಬೆಟ್ಟದ ಬಸ್ಸು ಹತ್ತುವವರಿಗೆ ನಾವು ಹೇಳುವುದು ಹುಳಿಯನ್ನವನ್ನೇ. ತಿರುವುಗಳ ದಾರಿಯಲ್ಲಿ ಹೊಟ್ಟೆ ತೊಳಸದಿರಲು ಅರ್ಧ ಪೊಟ್ಟಣವೇ ಸಾಕು.

ಇಂಗ್ಲಿಷರು ಸ್ಯಾಂಡ್‌ವಿಚ್ ಎಂದು ಕರೆಯುವ ತಿಂಡಿಯ ಕಥೆಯನ್ನು ವಾಚಕರು ಕೇಳಿರಬಹುದು. ಹದಿನೆಂಟನೆಯ ಶತಮಾನದ ಒಬ್ಬ ಪ್ರಭು ಇಸ್ಪೀಟಿನ ಮೇಜು ಬಿಟ್ಟೇಳಲು ಮನಸ್ಸಿಲ್ಲದೆ ಎರಡು ರೊಟ್ಟಿಯ ಹೋಳುಗಳ ನಡುವೆ ಮಾಂಸವಿರಿಸಿ ತರಿಸಿಕೊಂಡನೆಂದೂ, ಆತನ ಬಿರುದೇ ತಿಂಡಿಗೆ ಹೆಸರಾಯಿತೆಂದೂ ಹೇಳುತ್ತಾರೆ. ನಮ್ಮ ಸೇಲಂ ಸೀಮೆಗೂ ತನ್ನದೇ ಸ್ಯಾಂಡ್‌ವಿಚ್ ಉಂಟು. ಅದೇ ‘ತಟ್ಟುವಡೆ ಸೆಟ್’. ತಟ್ಟುವಡೆ ಎಂಬುದು ನಮ್ಮ ನಿಪ್ಪಟ್ಟಿನ ತಮ್ಮನೇ ಸರಿ. ಅಂತಹ ಗರಿಯಾದ ಬಿಲ್ಲೆಯೊಂದಕ್ಕೆ ಕೊತ್ತಂಬರಿಯ ಹಸಿರು ಚಟ್ನಿಯನ್ನೂ ಮೆಣಸಿನಕಾಯಿ ಬೆಳ್ಳುಳ್ಳಿಯ ಕೆಂಪು ಚಟ್ನಿಯನ್ನೂ ಬಳಿದು, ತುರಿದ ಕ್ಯಾರೆಟ್, ಬೀಟ್‌ರೂಟ್, ಈರುಳ್ಳಿಗಳನ್ನು ಪೇರಿಸಿ, ಇನ್ನೊಂದು ಬಿಲ್ಲೆಯನ್ನು ಮುಚ್ಚಿ ಕೊಡುತ್ತಾರೆ. ಒಂದೇ ಬಾಯಿಗೆ ಹಾಕಿಕೊಳ್ಳಬೇಕು. ಕಡಿದು ತಿನ್ನಹೊರಟವರ ಅಂಗಿಯ ಗತಿಯನ್ನು ಹೇಳಬೇಕಾಗಿಲ್ಲ. ರುಚಿಯಲ್ಲಿ ಇದಕ್ಕೆ ಎಣೆಯಿಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಗಾಡಿಗಳು ಬಂದು ನಿಲ್ಲುವುದು ಸಾಯಂಕಾಲದ ಹೊತ್ತಿಗೆ. ಅಲ್ಲದೆ ಇದು ನಾಲಿಗೆಯ ತಿಂಡಿಯೇ ಹೊರತು ಹೊಟ್ಟೆಯ ಊಟವಲ್ಲ.

ಅಣೆಕಟ್ಟಿನ ಕಡೆ ನಡೆದರೆ ಮೀನು ಹುರಿಯುವ ಅಂಗಡಿಗಳ ಸಾಲು ಸಿಗುತ್ತದೆ. ಅಗಲವಾದ ಕಾವಲಿಯಲ್ಲಿ ಖಾರ ಸವರಿದ ತುಂಡುಗಳು ಚುರುಗುಟ್ಟುತ್ತಿರುತ್ತವೆ. ಹರಕೆ ಹೊತ್ತು ಮಾದಪ್ಪನ ಬೆಟ್ಟಕ್ಕೆ ಹೊರಟವರು ಅತ್ತ ಸುಳಿಯುವಂತಿಲ್ಲ. ಮಿಕ್ಕವರು ಮುಳ್ಳು ಬಿಡಿಸುವಷ್ಟು ಸಮಯವಿದ್ದರೆ ಹೋಗಬಹುದು. ಅಲ್ಲಿ ‘ಜಿಲೇಬಿ’ ಎಂದು ಕೂಗುವುದನ್ನು ಕೇಳಿ ಸಿಹಿತಿಂಡಿಯೆಂದು ಓಡಬೇಡಿ, ಅದೂ ಒಂದು ಮೀನಿನ ಹೆಸರೇ.

ಈ ಶೋಧನೆಗೆಲ್ಲ ನಮ್ಮನ್ನು ಹಚ್ಚಿದವರು ನಮ್ಮ ಶಾಲೆಯ ಮಕ್ಕಳು. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ತಮಿಳು ಆಡುವ ಮಕ್ಕಳವರು. ಎಂಟನೆಯ ತರಗತಿಯ ಕೆಲವರನ್ನು ವರ್ಷಕ್ಕೊಮ್ಮೆ ವಿದ್ಯಾರ್ಥಿವೇತನದ ಪರೀಕ್ಷೆಗೆಂದು ಮೆಟ್ಟೂರಿಗೆ ಕರೆದೊಯ್ಯುತ್ತೇವೆ. 1956ರಲ್ಲಿ ಕಾಮರಾಜರ ಕಾಲದಲ್ಲಿ ಮೊದಲಾಗಿ 1982ರಲ್ಲಿ ಎಂ.ಜಿ.ಆರ್. ಅವರಿಂದ ವಿಸ್ತಾರಗೊಂಡ ಮಧ್ಯಾಹ್ನದ ಊಟ ಶಾಲೆಯ ದಿನಗಳಲ್ಲಿ ಅವರ ಹೊಟ್ಟೆಯನ್ನು ಕಾಯುತ್ತದೆ. ಪರೀಕ್ಷೆ ನಡೆಯುವುದು ರಜಾದಿನ. ಅಂದು ಆ ಊಟವಿಲ್ಲ. ತಾಯಂದಿರು ನಸುಕಿನಲ್ಲೇ ಎದ್ದು ರಾಗಿರೊಟ್ಟಿಯ ಬುತ್ತಿ ಕಟ್ಟಿಕೊಡುತ್ತಾರೆ. ಮಕ್ಕಳು ಮಾತ್ರ ಅದನ್ನು ಬಿಚ್ಚುವುದಿಲ್ಲ. ಪಟ್ಟಣದ ಮಕ್ಕಳ ಡಬ್ಬಿಗಳಲ್ಲಿ ಬೆಳ್ಳಗಿನ ಅನ್ನವಿರುವಾಗ ತಮ್ಮ ಕಪ್ಪು ರೊಟ್ಟಿಯನ್ನು ಹೊರತೆಗೆಯಲು ಅವರಿಗೆ ನಾಚಿಕೆ. ಒಂದು ವರ್ಷ ಹಿಂದಿರುಗುವ ಬಸ್ಸಿನಲ್ಲಿ ಹುಡುಗನೊಬ್ಬ ತಲೆಸುತ್ತಿ ಬಿದ್ದನು. ಚೀಲ ನೋಡಿದರೆ ಬುತ್ತಿಯ ಗಂಟು ಕಟ್ಟಿದ ಹಾಗೆಯೇ ಇತ್ತು. ನಾವು ಆಡಿದ ಬುದ್ಧಿಮಾತುಗಳಿಂದ ಮುಂದಿನ ವರ್ಷವೂ ಹೆಚ್ಚಿನ ಪ್ರಯೋಜನವಾಗಲಿಲ್ಲ.

ಕಳೆದ ಸಲ, ಶಿವರಾತ್ರಿ ಸಮೀಪಿಸಿ ಬಿಸಿಲು ಏರುತ್ತಿದ್ದ ದಿನ, ಪರೀಕ್ಷೆ ಮುಗಿಸಿ ಆರು ಮಕ್ಕಳೊಡನೆ ನಿಲ್ದಾಣದತ್ತ ನಡೆಯುತ್ತಿದ್ದಾಗ ಬೇವಿನ ಮರದ ಕೆಳಗೆ ಒಂದು ಕೂಳಿನ ಗಾಡಿಯನ್ನು ಕಂಡೆವು. ಕನ್ನಡದಲ್ಲಿ ಕೂಳು ಎಂದರೆ ಅನ್ನ, ತಮಿಳಿನಲ್ಲಿ ಗಂಜಿ. ಪದವೊಂದೇ, ಪಾತ್ರೆ ಬೇರೆ. ಸಜ್ಜೆಯನ್ನು ತರಿಯಾಗಿ ಕುಟ್ಟಿ ಬೇಯಿಸಿ, ಉಂಡೆ ಕಟ್ಟಿ ರಾತ್ರಿಯಿಡೀ ನೀರಿನಲ್ಲಿರಿಸಿ, ಬೆಳಗ್ಗೆ ಮಜ್ಜಿಗೆ ಉಪ್ಪು ಬೆರೆಸಿ ಕಲಸುತ್ತಾರೆ. ರಾಗಿಯದೂ ಇತ್ತು. ನಂಚಿಕೊಳ್ಳಲು ಸಣ್ಣ ಈರುಳ್ಳಿ, ಮಜ್ಜಿಗೆ ಮೆಣಸಿನಕಾಯಿ, ಮಾವಿನಕಾಯಿಯ ಹೋಳು. ಒಂದು ಎಲೆ ಊಟದ ಹಣದಲ್ಲಿ ಮೂವರು ಮಕ್ಕಳು ಹೊಟ್ಟೆತುಂಬ ಕುಡಿಯಬಹುದು. ಕಾಯುವ ಪ್ರಮೇಯವಿಲ್ಲ, ಕೈಗೆ ಚೊಂಬು ಬಂದರೆ ಐದು ನಿಮಿಷದ ಕೆಲಸ.

ಮಕ್ಕಳನ್ನು ಬೆರಗುಗೊಳಿಸಿದ್ದು ಗಾಡಿಯಲ್ಲ, ಅದರ ಸುತ್ತ ನಿಂತವರು. ಇಸ್ತ್ರಿ ಮಾಡಿದ ಅಂಗಿಯವರು, ಕೊರಳಲ್ಲಿ ಕಾರ್ಖಾನೆಯ ಗುರುತುಚೀಟಿ ಧರಿಸಿದವರು, ಮೋಟಾರು ಸೈಕಲ್ ನಿಲ್ಲಿಸಿ ಬಂದು ಸಾಲುಗಟ್ಟಿ ರಾಗಿಯ ಕೂಳನ್ನು ಕುಡಿಯುತ್ತಿದ್ದರು.

“ಸಾರ್, ಇದು ನಮ್ಮನೆ ಅಂಬಲೀನೇ ಅಲ್ವಾ?” ಎಂದಳು ಒಬ್ಬ ಹುಡುಗಿ, ಸಣ್ಣ ದನಿಯಲ್ಲಿ.

“ಅದೇ ಅಮ್ಮಣ್ಣಿ. ಇಲ್ಲಿ ದುಡ್ಡು ಕೊಟ್ಟು ಕುಡೀತಾರೆ” ಎಂದೆವು.

ಗಾಡಿಯ ಮುದುಕಿ ಚೊಂಬನ್ನು ಅವಳ ಕೈಗಿತ್ತು “ಕುಡಿ, ಕಣ್ಣು” ಎಂದಳು. ಆಕೆ ಆಡಿದ್ದು ತಮಿಳು. ಹುಡುಗಿಗೆ ಅದು ಕನ್ನಡವಾಗಿಯೇ ಕೇಳಿರಬೇಕು, ನಕ್ಕುಬಿಟ್ಟಳು. ಅಷ್ಟರಲ್ಲಿ ಇಬ್ಬರು ಹುಡುಗರು ಮರದ ಕಟ್ಟೆಯ ಮೇಲೆ ಕುಳಿತು, ನಾವು ಹೇಳದೆಯೇ, ಬುತ್ತಿಯನ್ನು ಬಿಚ್ಚಿದ್ದರು. ಮುದುಕಿಯ ಈರುಳ್ಳಿಯೂ ಮೆಣಸಿನಕಾಯಿಯೂ ರೊಟ್ಟಿಗೆ ಒದಗಿದವು. ಅದಕ್ಕೆ ಆಕೆ ಹಣ ತೆಗೆದುಕೊಳ್ಳಲಿಲ್ಲ.

ಅಂದು ಬಸ್ಸು ತಡವಾಯಿತು. ನಾಲ್ಕೂವರೆಗೆ ತಟ್ಟುವಡೆಯ ಗಾಡಿಯೂ ಬಂದು ನಿಂತಿತು. ಉಳಿದ ಹಣವನ್ನು ಎಣಿಸಿ, ತಲೆಗೊಂದರಂತೆ ಕೊಡಿಸಿದೆವು. ಕಿರಿಯವನೊಬ್ಬ ಕಡಿದೇ ತಿಂದು ಪ್ರಶ್ನೆಪತ್ರಿಕೆಯ ಮೇಲೆಲ್ಲ ಬೀಟ್‌ರೂಟಿನ ಬಣ್ಣ ಬೀಳಿಸಿಕೊಂಡನು. ಕೊಳತ್ತೂರು ದಾಟುವವರೆಗೂ ಉಳಿದವರು ಅದನ್ನೇ ಹೇಳಿ ನಗುತ್ತಿದ್ದರು.