ಅಪ್ಪನ ಸ್ಪೀಕರ್, ಪುಡಿಯಾದ ಫೋಮ್ (ಭಾಗ 6)

ಮೊದಲನೇ ಫೋಟೋ ನೋಡಿ. ಕೋನಿನ ಸುತ್ತ ಕಪ್ಪಗೆ ಉದುರಿದೆಯಲ್ಲ, ಅದು ಇಲಿ ಕಡಿದದ್ದಲ್ಲ. ಫೋಮ್ ರಿಂಗು. ಹದಿನೈದು ಇಪ್ಪತ್ತು ವರ್ಷ ಆಗ್ತಿದ್ದ ಹಾಗೆ ಗಾಳಿಯ ತೇವಕ್ಕೆ ಹೀಗೆ ಪುಡಿಯಾಗುತ್ತೆ. ಮುಟ್ಟಿದರೆ ಬೆರಳಿಗೆ ಅಂಟುತ್ತೆ.

ಇದು ಅಪ್ಪ ಕಂತಿನಲ್ಲಿ ಕೊಂಡ ಸ್ಪೀಕರ್. ಭಾನುವಾರ ಬೆಳಿಗ್ಗೆ ಕ್ಯಾಸೆಟ್ ಹಾಕಿ, ಸೌಂಡ್ ಕಮ್ಮಿ ಇಟ್ಕೊಂಡು ಪೇಪರ್ ಓದ್ತಿದ್ರು. ಅವರು ಹೋದ ಮೇಲೆ ಅಟ್ಟದಿಂದ ಇಳಿಸಿ ಎಸ್.ಪಿ. ರೋಡಿಗೆ ಹೊತ್ಕೊಂಡು ಹೋದೆ. ರಿಪೇರಿಯವರು ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದ್ರು: "ಕಂಪನಿ ಮುಚ್ಚಿ ಬಹಳ ವರ್ಷ ಆಯ್ತು ಸಾರ್. ಇದರ ರಿಂಗ್ ಸಿಗಲ್ಲ. ಹತ್ತಿರದ ಅಳತೆದು ಕೂರಿಸ್ತೀನಿ, ಆದ್ರೆ ಅದೇ ಸೌಂಡ್ ಬರುತ್ತೆ ಅಂತ ಸುಳ್ಳು ಹೇಳಲ್ಲ."

ಅವತ್ತಿಂದ ತಲೇಲಿ ಒಂದೇ ಪ್ರಶ್ನೆ. ಇಷ್ಟೊಂದು ಕಂಪನಿಗಳು ಮುಳುಗುವಾಗ ಕೆಲವು ಮಾತ್ರ ಅರವತ್ತು, ಎಂಬತ್ತು ವರ್ಷ ಹೇಗೆ ಉಳೀತವೆ?

ಎರಡನೇ ಫೋಟೋಗೆ ಬನ್ನಿ. ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ ಹೋಪ್ ಅನ್ನೋ ಸಣ್ಣ ಊರು. 1946ರಲ್ಲಿ ಪಾಲ್ ಕ್ಲಿಪ್ಶ್ ಎಂಬ ಎಂಜಿನಿಯರ್ ಅಲ್ಲಿ ಕಂಪನಿ ಶುರು ಮಾಡಿದರು. ಅವರ ಕ್ಲಿಪ್ಶ್‌ಹಾರ್ನ್ ಮೂಲೆಯಲ್ಲೇ ಇಡಬೇಕಾದ ಸ್ಪೀಕರ್. ಪೆಟ್ಟಿಗೆಯೊಳಗೆ ತುತ್ತೂರಿಯನ್ನು ಮಡಚಿಟ್ಟಂತೆ ದಾರಿ. ಕೋಣೆಯ ಎರಡು ಗೋಡೆಗಳೇ ಆ ತುತ್ತೂರಿಯ ಬಾಯಿ. ಹಾಗಾಗಿ ಕೆಲವೇ ವಾಟ್ ಸಾಕು, ಕೋಣೆ ತುಂಬುತ್ತೆ. ಕೋನ್ ಕಮ್ಮಿ ಅಲ್ಲಾಡೋದರಿಂದ ದನಿ ಕೆಡೋದೂ ಕಮ್ಮಿ. ಒಳಗಿನ ಭಾಗಗಳು ಕಾಲಕಾಲಕ್ಕೆ ಬದಲಾಗಿವೆ, ಮೂಲ ಉಪಾಯ ಬದಲಾಗಿಲ್ಲ. 1989ರಲ್ಲಿ ಕಂಪನಿ ಅವರ ಸಂಬಂಧಿಯ ಕೈಗೆ ಹೋಯ್ತು. 2002ರಲ್ಲಿ, 98ನೇ ವಯಸ್ಸಿನಲ್ಲಿ ಪಾಲ್ ತೀರಿಕೊಂಡರು. ಸ್ಪೀಕರ್ ಮಾತ್ರ ತಯಾರಾಗ್ತಾನೇ ಇದೆ.

ಇನ್ನೊಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಕೆಇಎಫ್. ರೇಮಂಡ್ ಕುಕ್ 1961ರಲ್ಲಿ ಕಟ್ಟಿದ್ದು. 1970ರ ದಶಕದಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಸ್ಪೀಕರ್ ಅಳೆಯೋಕೆ ಶುರು ಮಾಡಿದವರು ಇವರು. 1988ರಲ್ಲಿ ಯೂನಿ-ಕ್ಯೂ ತಂದರು: ಟ್ವೀಟರನ್ನು ದೊಡ್ಡ ಕೋನಿನ ನಟ್ಟನಡುವೆ ಕೂರಿಸಿ, ಇಡೀ ದನಿ ಒಂದೇ ಬಿಂದುವಿನಿಂದ ಹೊರಟಂತೆ ಮಾಡೋದು. 1992ರಲ್ಲಿ ಹಾಂಗ್‌ಕಾಂಗಿನ ಗೋಲ್ಡ್ ಪೀಕ್ ಕಂಪನಿಯನ್ನು ಕೊಂಡಿತು. ಮಾಲೀಕರು ಬದಲಾದರೂ ಆ ಉಪಾಯವನ್ನು ಯಾರೂ ಬಿಸಾಡಲಿಲ್ಲ. 2012ರ ಎಲ್ಎಸ್50ರಲ್ಲೂ ಅದೇ ಯೂನಿ-ಕ್ಯೂ, ಇನ್ನಷ್ಟು ತಿದ್ದಿದ್ದು.

ನನಗೆ ಕಂಡದ್ದು ಇಷ್ಟು. ಉಳಿದವರ ಹತ್ತಿರ ಒಂದು ಗಟ್ಟಿ ಉಪಾಯ ಇತ್ತು, ಅದು ಫ್ಯಾಷನ್ ಮೇಲಲ್ಲ, ಭೌತಶಾಸ್ತ್ರದ ಮೇಲೆ ನಿಂತಿತ್ತು. ಅದನ್ನ ಅಳೆದು, ಬರೆದಿಟ್ಟರು. ಯಜಮಾನರ ಕಿವಿಯಲ್ಲಿ ಮಾತ್ರ ಇರೋ ವಿದ್ಯೆ ಅವರ ಜೊತೆಗೇ ಹೋಗುತ್ತೆ. ಕಾಗದದ ಮೇಲಿರೋದು ಮುಂದಿನವರ ಕೈಗೆ ಸಿಗುತ್ತೆ. ಆಮೇಲೆ, ವರ್ಷಕ್ಕೊಂದು ಹೊಸ ವೇಷ ಹಾಕೋ ಬದಲು ಅದನ್ನೇ ತಿದ್ದಿ ತೀಡಿದರು.

ಹಾಗಂತ ಹಳೆಯದೆಲ್ಲ ಹೊನ್ನಲ್ಲ. ಕ್ಲಿಪ್ಶ್‌ಹಾರ್ನ್ ನಮ್ಮ ಎರಡು ಬೆಡ್‌ರೂಮ್ ಮನೆಗೆ ಬಂದರೆ ಮಂಚ ಹೊರಗಿಡಬೇಕಾಗುತ್ತೆ!

ಕೊನೇ ಫೋಟೋ: ಹತ್ತಿರದ ಅಳತೆಯ ರಿಂಗನ್ನೇ ಹಾಕಿಸಿದೆ. ಬೇಸ್ ಸ್ವಲ್ಪ ಬೇರೆ. ಅಮ್ಮ ಅಡುಗೆಮನೆಯಿಂದ ಬಂದು ಎರಡು ನಿಮಿಷ ನಿಂತು ಕೇಳಿ, "ದನಿ ಬದಲಾಗಿದೆ ಅಲ್ವಾ?" ಅಂದ್ರು. ಆಮೇಲೆ ಅಲ್ಲೇ ಕುರ್ಚಿ ಎಳ್ಕೊಂಡು ಕೂತ್ರು.

ನೀವು ಮುಂದಿನ ಸಲ ಸ್ಪೀಕರ್ ಕೊಳ್ಳೋಕೆ ಹೋದಾಗ ವಾಟ್ ಎಷ್ಟು ಅಂತ ಕೇಳೋ ಮುಂಚೆ ಇದನ್ನ ಕೇಳಿ: "ಇಪ್ಪತ್ತು ವರ್ಷ ಆದ್ಮೇಲೆ ಇದರ ಪಾರ್ಟು ಯಾರು ಕೊಡ್ತಾರೆ?" ನಾನು ಕೇಳಿದಾಗ ಅಂಗಡಿಯ ಹುಡುಗ ನಕ್ಕ. ನಿಮಗೆ ಏನು ಉತ್ತರ ಸಿಕ್ತು ಅಂತ ಹೇಳಿ.

#ಅಟ್ಟದಸಾಮಾನು #ಹಳೇಸ್ಪೀಕರ್