ಹೊರಗಿನ ಬೋರ್ಡು, ಒಳಗಿನ ಪಾಠ

ಕಂಪ್ಯೂಟರ್ ಪಾಠದ ಜಾಲತಾಣ ಅಂದಕೂಡಲೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗರು ಕಣ್ಣ ಮುಂದೆ ಬರುತ್ತಾರೆ. ಬೀದರಿನಲ್ಲಿ ಕೂತು ಕನ್ನಡದಲ್ಲಿ ಅಂಥದೊಂದು ತಾಣ ನಡೆಸುವ ನನಗೆ ಮೊದಲು ಗಂಟುಬಿದ್ದವರು ಬೇರೆಯವರೇ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಗುಮಾಸ್ತರು, ಮಾಸ್ತರರು, ಇನ್ನೇನು ಬಡ್ತಿ ಬರಬೇಕು ಅನ್ನುವ ಹೊತ್ತಿಗೆ ಪರೀಕ್ಷೆ ಎದುರಾದವರು. ಸರ್ಕಾರ 2012ರಲ್ಲಿ ತನ್ನ ನೌಕರರಿಗೆಂದು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ತಂದಿತಲ್ಲ, ಅದರ ಪುಣ್ಯ. ಪಾಸಾಗದಿದ್ದರೆ ಬಡ್ತಿಗೂ ಇನ್‌ಕ್ರಿಮೆಂಟಿಗೂ ಕುತ್ತು. ಮೂವತ್ತು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿಸಿದವರು ತಾವೇ ಕಾಗುಣಿತ ಹುಡುಕುತ್ತ ಕೀಲಿಮಣೆಯ ಮುಂದೆ ಕೂರುವಂತಾಯಿತು.

ಔರಾದಿನ ಕಡೆಯ ಮಾಸ್ತರರೊಬ್ಬರು ಒಂದು ರಾತ್ರಿ ಫೋನ್ ಮಾಡಿದರು.

“ಸರ್ರಿ, ಕ ಬರ್ತದ, ಮ ಬರ್ತದ. ಈ ಡ ಎಲ್ಲಿ ಕೂತದರಿ?”

“ಡಬ್ಲ್ಯೂ ಒತ್ರಿ ಮಾಸ್ತರ್ರ.”

“ಡಬ್ಲ್ಯೂ ಅಂದ್ರ ವ ಅಲ್ಲೇನ್ರಿ?”

ಪ್ರಶ್ನೆ ನ್ಯಾಯವಾದದ್ದೇ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಇವತ್ತು ‘ನುಡಿ’ ತಂತ್ರಾಂಶದಲ್ಲಿರುವುದು, ಕಚೇರಿಗಳಲ್ಲಿ ನಡೆಯುವುದು. ಅದರ ಹಿಂದಿನ ಲೆಕ್ಕಾಚಾರ ತಿಳಿದರೆ ತಲೆದೂಗಬೇಕು. ಇಂಗ್ಲಿಷಿನ ಕೀಲಿ 26. ನಮ್ಮಲ್ಲಿ ತ-ಟ ಬೇರೆ, ದ-ಡ ಬೇರೆ. ಟಿ ಮತ್ತು ಡಿ ಕೀಲಿಗಳನ್ನು ತ, ದ ಹಿಡಿದುಕೊಂಡವು. ಕ್ಯೂ ಮತ್ತು ಡಬ್ಲ್ಯೂಗೆ ಕನ್ನಡದಲ್ಲಿ ಕೆಲಸವಿರಲಿಲ್ಲ, ಬಾಡಿಗೆದಾರರಿಲ್ಲದ ಮನೆಗಳ ಹಾಗೆ ಖಾಲಿ ಬಿದ್ದಿದ್ದವು. ಟ ಒಂದರೊಳಗೆ, ಡ ಇನ್ನೊಂದರೊಳಗೆ ಸೇರಿಕೊಂಡವು. ಎಫ್ ಒತ್ತಿದರೆ ಹಿಂದಿನ ಅಕ್ಷರದ ಅಕಾರ ಕಳಚಿ ಒತ್ತಿಗೆ ದಾರಿಯಾಗುತ್ತದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದು ಸಲ ಬೆರಳಾಡಿಸಿದರೆ ಕನ್ನಡ. ಇದನ್ನೆಲ್ಲ ಕೇಳಿಸಿಕೊಂಡ ಮಾಸ್ತರರು, “ಹಿಂಗ ಮೊದಲೇ ಹೇಳಿದ್ರ ಬಾಯಿಪಾಠ ಮಾಡೋದು ತಪ್ತಿತ್ತಲ್ರಿ” ಅಂದರು. ಕಾರಣ ಹೇಳದೆ ‘ಇಲ್ಲಿ ಒತ್ತು, ಅಲ್ಲಿ ಒತ್ತು’ ಅನ್ನುವ ಪಾಠಗಳ ಮೇಲೆ ನನಗೆ ಅವತ್ತಿನಿಂದಲೇ ಸಿಟ್ಟು.

ಇನ್ನೊಂದು ಸಂಗತಿ ಇಂಗ್ಲಿಷ್ ಪುಸ್ತಕ ಬರೆಯುವವರಿಗೆ ಗೊತ್ತೇ ಇರಲಿಕ್ಕಿಲ್ಲ. ‘ಕಂಟ್ರೋಲ್ + ಸಿ’ ಅಂತ ಪಾಠದಲ್ಲಿ ಹಾಕಿದರೆ ಹೊಸಬರಲ್ಲಿ ಕೆಲವರು ಕಂಟ್ರೋಲ್ ಒತ್ತಿ, ಪ್ಲಸ್ ಒತ್ತಿ, ಆಮೇಲೆ ಸಿ ಒತ್ತುತ್ತಾರೆ. ಬರೆದದ್ದನ್ನು ಬರೆದ ಹಾಗೆ ಮಾಡಿದವರದು ಏನು ತಪ್ಪು? ಈಗ ನನ್ನ ಪಾಠದಲ್ಲಿ ಪ್ಲಸ್ ಗುರುತೇ ಇಲ್ಲ. ‘ಕಂಟ್ರೋಲ್ ಕೀಲಿಯನ್ನು ಎಡಗೈ ಕಿರುಬೆರಳಿನಿಂದ ಹಿಡಿದುಕೊಂಡಿದ್ದು, ಬಿಡದೆ, ಸಿ ಒತ್ತಿ’ ಅಂತ ಉದ್ದಕ್ಕೆ ಬರೆಯುತ್ತೇನೆ. ಓದುವವರಲ್ಲಿ ಬಹಳ ಮಂದಿಗೆ ಮನೆಯಲ್ಲಿ ಕಂಪ್ಯೂಟರೇ ಇಲ್ಲ. ಮೊಬೈಲಿನಲ್ಲಿ ಪಾಠ ಓದಿ, ಶಾರ್ಟ್‌ಕಟ್ಟುಗಳನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಬರೆದುಕೊಂಡು, ವಾರಕ್ಕೊಮ್ಮೆ ಕಚೇರಿಯಲ್ಲೋ ಇಂಟರ್‌ನೆಟ್ ಸೆಂಟರಿನಲ್ಲೋ ಕಂಪ್ಯೂಟರ್ ಸಿಕ್ಕಾಗ ಒತ್ತಿ ನೋಡುವವರು. ಎಕ್ಸೆಲ್ ಹಾಳೆಯನ್ನು ಕಾಗದದ ಮೇಲೆ ಗೆರೆ ಹೊಡೆದು ಅಭ್ಯಾಸ ಮಾಡಿದವರೂ ಇದ್ದಾರೆ. ಅವರ ಮುಂದೆ ‘ನಿಮ್ಮ ಲ್ಯಾಪ್‌ಟಾಪ್ ತೆರೆಯಿರಿ’ ಅಂತ ಪಾಠ ಶುರು ಮಾಡಲು ಬಾಯಿ ಬರುವುದಿಲ್ಲ.

ಹಳೆಯ ಕಡತಗಳದು ಒಂದು ಪೌಂಡಿನ ಕಥೆ ಇದೆ. ಹಳೆಯ ನುಡಿಯಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಗೊತ್ತು ಅದರ ಗೋಳು. ಕ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ಎ. ನ ಇರಬೇಕಾದಲ್ಲಿ ಬ್ರಿಟಿಷರ ಪೌಂಡ್ ಚಿಹ್ನೆ. ಹೀಗಾಗಿ ಕನ್ನಡ ಅಂತ ಬರೆದ ಕಡೆಯಲ್ಲೆಲ್ಲ ಪೌಂಡು ಉದುರುತ್ತದೆ. ಕನ್ನಡದಿಂದ ಹಣ ಬರುವುದಿಲ್ಲ ಅನ್ನುವವರಿಗೆ ಆ ಕಡತ ತೋರಿಸಬೇಕು. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು; ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷೇ, ಕಣ್ಣಿಗೆ ಮಾತ್ರ ಕನ್ನಡ. ಯೂನಿಕೋಡ್ ಬಂದು ಕನ್ನಡಕ್ಕೇ ಅಂತ 128 ಸ್ಥಾನಗಳನ್ನು ಕಾದಿರಿಸಿತು, ಸಮಸ್ಯೆ ತೀರಿತು ಅನ್ನಬೇಕು. ಆದರೆ ಕಚೇರಿಗಳಲ್ಲಿ ಹಳೆಯ ಕಡತಗಳು ಅಷ್ಟು ಬೇಗ ಸಾಯುವುದಿಲ್ಲ. ಭಾಲ್ಕಿಯಲ್ಲಿ ಟೈಪಾದ ವರದಿ ಬೀದರಿಗೆ ಬರುವ ಹೊತ್ತಿಗೆ ಪೌಂಡಾಗಿರುತ್ತದೆ. ಅದನ್ನು ಯೂನಿಕೋಡಿಗೆ ಬದಲಿಸುವ ಪಾಠವೇ ನನ್ನ ತಾಣದಲ್ಲಿ ಇವತ್ತಿಗೂ ಹೆಚ್ಚು ಜನ ಓದುವುದು. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ. 1996ರಲ್ಲಿ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಜಾಲತಾಣ ತೆರೆದಾಗ, 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ ತಂತ್ರಾಂಶ ಕೊಟ್ಟಾಗ ಬೀದರಿನ ನಾವು ಎಸ್‌ಟಿಡಿ ಬೂತಿನ ಮುಂದೆ ಸಾಲಾಗಿ ನಿಂತಿದ್ದೆವು. ಅವರು ಹೊಲ ಹಸನು ಮಾಡಿದ್ದಕ್ಕೆ ನಾವೀಗ ರಾಶಿ ಮಾಡುತ್ತಿದ್ದೇವೆ, ಅಷ್ಟೇ.

ನಮ್ಮ ಜಿಲ್ಲೆಯ ಭಾಷೆಯ ವಿಚಾರ ಹೇಳದಿದ್ದರೆ ಹೊರಗಿನವರಿಗೆ ನನ್ನ ಪಾಡು ತಿಳಿಯುವುದಿಲ್ಲ. ಬೀದರಿನ ಚೌಬಾರಾದ ಹತ್ತಿರ ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬಿದ್ದಿರುತ್ತವೆ. ಔರಾದ್ ಕಡೆಯಲ್ಲಿ ಮನೆಯಲ್ಲಿ ಮರಾಠಿ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಸಂತೆಯಲ್ಲಿ ದಖನಿ ಉರ್ದು ಆಡುವವರಿಗೆ ಕೊರತೆಯಿಲ್ಲ. ಅಂಥ ಹುಡುಗ ಕಂಪ್ಯೂಟರ್ ಮುಂದೆ ಕೂತರೆ ಅದು ಇಂಗ್ಲಿಷ್ ಎಂಬ ಮತ್ತೊಂದು ಭಾಷೆಯಲ್ಲಿ ಮಾತಾಡಿಸುತ್ತದೆ. ವಿಂಡೋಸನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಬಹುದಲ್ಲ ಅನ್ನುತ್ತಾರೆ ಬೆಂಗಳೂರಿನ ಗೆಳೆಯರು. ತಿರುಗಿಸಬಹುದು. ಆದರೆ ನಾಳೆ ಆ ಹುಡುಗ ಕೆಲಸಕ್ಕೆ ಸೇರುವ ಕಡೆ ಪರದೆ ಇಂಗ್ಲಿಷಿನಲ್ಲೇ ಇರುತ್ತದೆ. ಅಲ್ಲಿ ಹೋಗಿ ಅವನು ಕಣ್ಣು ಕಣ್ಣು ಬಿಡಬಾರದು. ಅದಕ್ಕೇ ನಾನು ‘ಸೇವ್’ ಅನ್ನು ‘ಸೇವ್’ ಅಂತಲೇ ಇಟ್ಟುಕೊಂಡು, ಅದು ಏನು ಮಾಡುತ್ತದೆ, ಎಲ್ಲಿ ಇಡುತ್ತದೆ, ಇಟ್ಟದ್ದು ಮತ್ತೆ ಹೇಗೆ ಸಿಗುತ್ತದೆ ಅನ್ನುವುದನ್ನು ಕನ್ನಡದಲ್ಲಿ ಹೇಳುವ ಪದ್ಧತಿ ಹಿಡಿದಿದ್ದೇನೆ.

ಈ ಪದ್ಧತಿ ನನ್ನದಲ್ಲ, ಭಾಲ್ಕಿಯದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಹೆಸರು ಈ ಕಡೆ ಕೇಳದವರಿಲ್ಲ. 1890ರಲ್ಲಿ ಕಮಲನಗರದಲ್ಲಿ ಹುಟ್ಟಿ ನೂರು ದಾಟಿ ಬಾಳಿದವರು, 1999ರಲ್ಲಿ ಲಿಂಗೈಕ್ಯರಾದವರು. ನಿಜಾಮರ ಆಡಳಿತದಲ್ಲಿ ಶಾಲೆಯ ಭಾಷೆ ಉರ್ದು. ಕನ್ನಡ ಕಲಿಸುವುದು ಸುಲಭವಿರಲಿಲ್ಲ. ಪಟ್ಟದ್ದೇವರು ಏನು ಮಾಡಿದರು? ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ತನಿಖೆಗೆ ಬಂದವರ ಕಣ್ಣು ಬೋರ್ಡಿನ ಮೇಲೆ, ಮಕ್ಕಳ ಕಣ್ಣು ಪಾಟಿಯ ಮೇಲೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ, 1956ರಲ್ಲಿ ಬೀದರ್ ಕನ್ನಡ ರಾಜ್ಯಕ್ಕೆ ಬರುವ ಹೊತ್ತಿಗೆ ಇಲ್ಲಿ ಕನ್ನಡ ಓದಬಲ್ಲವರು ಉಳಿದಿದ್ದರು ಅಂದರೆ ಅದರಲ್ಲಿ ಆ ಬೋರ್ಡಿನದೂ ಪಾಲಿದೆ. ನನಗೆ ಅವರ ಧೈರ್ಯದಷ್ಟೇ ಅವರ ವ್ಯವಹಾರಜ್ಞಾನವೂ ಇಷ್ಟ. ಬೋರ್ಡಿನ ಜೊತೆ ಜಗಳಕ್ಕೆ ನಿಂತಿದ್ದರೆ ಪಾಠಕ್ಕೆ ವೇಳೆ ಸಿಗುತ್ತಿರಲಿಲ್ಲ. ಇವತ್ತಿನ ಪರದೆಯ ಮೇಲಿನ ಇಂಗ್ಲಿಷನ್ನು ನಾನು ಆ ಬೋರ್ಡಿನ ಲೆಕ್ಕದಲ್ಲೇ ಹಿಡಿಯುತ್ತೇನೆ. ನನ್ನ ಮೇಲೆ ತನಿಖೆಗೆ ಯಾರೂ ಬರುವುದಿಲ್ಲ ಅನ್ನುವ ವ್ಯತ್ಯಾಸ ಸಣ್ಣದಲ್ಲ, ಗೊತ್ತಿದೆ.

ಇನ್ನು ಬ್ಲಾಗಿನ ಪಾಠ. ಇದಕ್ಕೆ ಬರುವವರು ಹುಡುಗರೇ, ಮತ್ತು ಅವರ ಮೊದಲ ಪ್ರಶ್ನೆ ಒಂದೇ: “ಅಣ್ಣಾ, ರೊಕ್ಕ ಎಷ್ಟು ಬರ್ತದ?” ಏನು ಬರೆಯಲಿ ಅಂತ ಕೇಳುವುದು ಆಮೇಲೆ, ಕೆಲವರು ಕೇಳುವುದೇ ಇಲ್ಲ. ಅವರನ್ನು ಆಡಿಕೊಳ್ಳುವಂತಿಲ್ಲ. ತೊಗರಿ, ಸೋಯಾ ಬೆಳೆಯುವ ಮನೆಯಿಂದ ಬಂದವನು ಬಿತ್ತುವ ಮೊದಲು ದರ ಕೇಳುತ್ತಾನೆ. ಆದರೆ ಬ್ಲಾಗಿನ ದರ ಕನ್ನಡಕ್ಕೆ ಬಹಳ ಕಾಲ ಸಿಗಲೇ ಇಲ್ಲ. ಜಾಲತಾಣಗಳಿಗೆ ಜಾಹೀರಾತು ಹಂಚುವ ಗೂಗಲ್‌ನ ಆ್ಯಡ್‌ಸೆನ್ಸ್ ಹಿಂದಿಯನ್ನು ಒಳಗೆ ಬಿಟ್ಟುಕೊಂಡದ್ದು 2014ರಲ್ಲಿ, ತಮಿಳು ತೆಲುಗುಗಳನ್ನು 2018ರಲ್ಲಿ. ಆಗೆಲ್ಲ ಕನ್ನಡದ ಸರದಿ ಬರಲಿಲ್ಲ. ಪಕ್ಕದ ಜಹೀರಾಬಾದಿನ ಹುಡುಗ ತೆಲುಗಿನಲ್ಲಿ ಬರೆದು ನಾಲ್ಕು ಕಾಸು ಕಾಣುವಾಗ ನಮ್ಮವರು ಕನ್ನಡ ಬಿಟ್ಟು ಹಿಂದಿಗೆ ಹಾರಿದರೆ ಯಾರನ್ನು ದೂರುವುದು? ಹಾರಿದವರು ಬರೆದದ್ದಾದರೂ ಏನು, ಹೊಸ ಮೊಬೈಲಿನ ಬೆಲೆ ಎಷ್ಟು, ಬ್ಯಾಟರಿ ಎಷ್ಟು. ದಿಲ್ಲಿಯಲ್ಲಿ ಕೂತವನು ಬೆಳಿಗ್ಗೆ ಬರೆದದ್ದನ್ನು ಭಾಲ್ಕಿಯಲ್ಲಿ ಕೂತವನು ಸಂಜೆ ಬರೆದರೆ ಓದುವವರು ಯಾರು?

“ನಿಮ್ಮ ಮನಿಯಾಗ ಏನದ ಅದನ್ನ ಬರಿರಿ” ಅಂತ ಒಂದು ಪಾಠ ಹಾಕಿದೆ. ಬಹಳ ಮಂದಿ ನಕ್ಕರು. ಔರಾದ್ ತಾಲ್ಲೂಕಿನ ಒಬ್ಬ ಹುಡುಗಿ ನಗಲಿಲ್ಲ. ಎಳ್ಳಮಾವಾಸ್ಯೆಯ ಭಜ್ಜಿಯ ಬಗ್ಗೆ ಬರೆದಳು. ಭಜ್ಜಿ ಅಂದಕೂಡಲೇ ಎಣ್ಣೆಯಲ್ಲಿ ಕರಿದದ್ದು ಅಂತ ಬೆಂಗಳೂರಿನವರು ತಿಳಿಯುತ್ತಾರೆ. ನಮ್ಮ ಭಜ್ಜಿಗೆ ಕರಿಯುವ ಎಣ್ಣೆಯ ಹಂಗಿಲ್ಲ. ಆ ಹಂಗಾಮಿನಲ್ಲಿ ಹೊಲದಲ್ಲಿ ಸಿಗುವ ಹಸಿ ಕಡಲೆ, ಹಸಿ ತೊಗರಿ, ಅವರೆ, ಬಟಾಣಿ, ಸೊಪ್ಪು ಎಲ್ಲ ಕೂಡಿಸಿ ಕಡಲೆಹಿಟ್ಟು ಹಾಕಿ ಕುದಿಸಿದ್ದು. ಜೊತೆಗೆ ಸಜ್ಜೆ ರೊಟ್ಟಿ, ಕುಡಿಯಲು ಅಂಬಲಿ. ಮನೆಮಂದಿ, ಗೆಳೆಯರು, ದಾರಿಯಲ್ಲಿ ಸಿಕ್ಕವರು ಎಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ ಉಣ್ಣುವ ದಿನ. ಹುಡುಗಿ ಅಡುಗೆಯ ವಿಧಾನ ಬರೆದು ಸುಮ್ಮನಾಗಲಿಲ್ಲ. ಅಂಬಲಿ ಹುಳಿ ಬರಲು ಗಡಿಗೆ ಎಲ್ಲಿಡಬೇಕು, ಅತ್ತೆ ಸೊಸೆ ಯಾವ ಸೊಪ್ಪಿಗೆ ಜಗಳ ಆಡುತ್ತಾರೆ ಅನ್ನುವುದನ್ನೂ ಬರೆದಳು. ಪುಣೆಯಲ್ಲಿ, ಹೈದರಾಬಾದಿನಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರು ಅದನ್ನು ವಾಟ್ಸ್‌ಆ್ಯಪಿನಲ್ಲಿ ಊರೂರಿಗೆ ಹಂಚಿದರು. ರೊಕ್ಕ ಎಷ್ಟು ಬಂತು ಅಂತ ಹುಡುಗರು ಕೇಳಿದರು. ಹುಡುಗಿ ಹೇಳಲಿಲ್ಲ, ನಾನು ಕೇಳಲಿಲ್ಲ. ಅಂದಹಾಗೆ ಎಳ್ಳಮಾವಾಸ್ಯೆಯ ದಿನ ನನ್ನ ತಾಣಕ್ಕೆ ನಮ್ಮ ಜಿಲ್ಲೆಯಿಂದ ನರಪಿಳ್ಳೆ ಬರುವುದಿಲ್ಲ. ನಾನೂ ಇರುವುದಿಲ್ಲ.

“ಈಗ ಎಐ ಬಂದದ, ಕನ್ನಡದಾಗೇ ಕೇಳಿದ್ರ ಕನ್ನಡದಾಗೇ ಹೇಳ್ತದ, ನಿನ್ನ ಸೈಟ್ ಯಾವನ್ ನೋಡ್ತಾನ?” ಅಂತ ಗೆಳೆಯನೊಬ್ಬ ಕಾಡುತ್ತಾನೆ. ಇರಬಹುದು. ಭಜ್ಜಿಯ ಸೊಪ್ಪಿನ ಜಗಳ ಅದಕ್ಕೆ ಯಾರಾದರೂ ಬರೆದು ಹಾಕಿದ ಮೇಲೆ ತಾನೇ ಗೊತ್ತಾಗುವುದು?

ಬರೆಯುವುದನ್ನು ಕಲಿಸುವ ಕಸುಬು ಬೀದರಿಗೆ ಹೊಸದಲ್ಲ, ಐನೂರು ವರ್ಷ ಮೀರಿದ್ದು. ಬಹಮನಿಗಳ ದಿವಾನ ಮಹಮೂದ್ ಗವಾನ್ ಅಂದರೆ ನಮಗೆ ನೆನಪಾಗುವುದು 1472ರ ಆ ಮದರಸಾ, ಅದರ ಉಳಿದ ಒಂದು ಮಿನಾರು, ಗೋಡೆಯ ಬಣ್ಣದ ಹಂಚು. ಆದರೆ ಗವಾನರು ಪತ್ರ ಬರೆಯುವುದು ಹೇಗೆ ಅನ್ನುವುದರ ಮೇಲೇ ಪಾರಸಿಯಲ್ಲಿ ‘ಮನಾಜಿರ್-ಉಲ್-ಇನ್ಶಾ’ ಅಂತ ಒಂದು ಕೈಪಿಡಿ ಬರೆದಿದ್ದಾರೆ, ತಮ್ಮ ಪತ್ರಗಳನ್ನು ಇನ್ನೊಂದು ಪುಸ್ತಕವಾಗಿ ಕೂಡಿಸಿದ್ದಾರೆ. ಈ ಊರಲ್ಲಿ ಕೂತು ಹೆರಾತಿನ ಕವಿ ಜಾಮಿಗೆ, ತುರ್ಕಿಯ ಸುಲ್ತಾನನಿಗೆ ಪತ್ರ ಬರೆಯುತ್ತಿದ್ದವರು. ಬೀದರಿನಲ್ಲಿ ಕೂತು ಬರೆದರೆ ಯಾರು ಓದುತ್ತಾರೆ ಅನ್ನುವ ಹುಡುಗರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ. ಬ್ಯಾಕಪ್ ಪಾಠಕ್ಕೂ ಮದರಸಾವೇ ಒದಗುತ್ತದೆ: ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಅಲ್ಲಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಪಾಲೇ ಹಾರಿಹೋಯಿತು. ಗವಾನರ ಕೈಪಿಡಿಗೆ ಮಾತ್ರ ಏನೂ ಆಗಲಿಲ್ಲ, ಅದರ ನಕಲುಗಳು ಬೇರೆ ಬೇರೆ ಊರು ಸೇರಿದ್ದವು.

ಗವಾನರ ಸಾವು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ ಅಂದರೆ ಕೆಟ್ಟದಾಗಿ ಕೇಳಿಸುತ್ತದೆ, ಆದರೂ ಖರೇ. ಇತಿಹಾಸಕಾರರು ಹೇಳುವ ಪ್ರಕಾರ, ಅವರ ಮುದ್ರೆ ಕಾಯುವವನನ್ನು ವಿರೋಧಿಗಳು ಕುಡಿಸಿ ಒಲಿಸಿಕೊಂಡು, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಆ ಕಾಗದದಲ್ಲಿ ಒಡಿಶಾದ ಅರಸನಿಗೆ ದ್ರೋಹದ ಪತ್ರ ಬರೆದು ಸುಲ್ತಾನನ ಕೈಗಿತ್ತರು. 1481ರಲ್ಲಿ ಗವಾನರ ತಲೆ ಹೋಯಿತು. ಪತ್ರ ಯಾರದೋ, ಮುದ್ರೆ ಮಾತ್ರ ಅಸಲಿ. ಒಟಿಪಿ ಅಂದರೆ ಏನು, ಅದನ್ನು ಯಾಕೆ ಯಾರಿಗೂ ಹೇಳಬಾರದು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಉದಾಹರಣೆ ನನಗೆ ಇನ್ನೂ ಸಿಕ್ಕಿಲ್ಲ. ಪಾಸ್‌ವರ್ಡಿನ ಪಾಠ ಈಗ ಈ ಕಥೆಯಿಂದಲೇ ಶುರುವಾಗುತ್ತದೆ. ಕೊನೆಗೆ, ಖಾತೆಯಿಂದ ಹಣ ಹೋದರೆ ಅಳುತ್ತ ಕೂರದೆ ಆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಸ್ವಸಹಾಯ ಸಂಘದ ಲೆಕ್ಕ ಬರೆಯುವ ಭಾಲ್ಕಿಯ ಅಕ್ಕ ಒಬ್ಬರು ಈ ಪಾಠ ಪೂರಾ ಓದಿ ಫೋನ್ ಮಾಡಿದರು.

“ಭಾಳ ಛಲೋ ಬರ್ದೀರಿ ತಮ್ಮಾ. ಮನ್ಯಾಗ ಎಲ್ಲಾರಿಗೂ ಓದಿ ಹೇಳ್ದೆ. ನಮ್ಮ ಅತ್ತಿ ಒಂದು ಮಾತು ಕೇಳ್ಲಾಕತ್ತಾರ.”

“ಏನ್ರಿ ಅಕ್ಕಾ?”

“ಆ ಗವಾನ್ ಸಾಹೇಬ್ರು 1930ಕ್ಕ ಯಾಕ ಫೋನ್ ಹಚ್ಚಲಿಲ್ಲ ಅಂತ.”